ಬೆಳೆ ಹೋದಾಗ ಬರುವ ಹಣ



ಮುಂಗಾರು ಕೈಕೊಟ್ಟ ವರ್ಷದ ಗುರುತು ದಾವಣಗೆರೆಯ ಮಂಡಿಪೇಟೆಯಲ್ಲಿ ಬೇಗ ಕಾಣುತ್ತದೆ. ಮೆಕ್ಕೆಜೋಳದ ಚೀಲ ಇಳಿಯಬೇಕಾದ ಕಾಲದಲ್ಲಿ, ಬೀಜ ಗೊಬ್ಬರದ ಬಾಕಿಗೆ ವಾಯಿದೆ ಕೇಳುವವರೇ ಹೆಚ್ಚು. 2023 ಅಂಥ ವರ್ಷ. ಆ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಜೂನ್ ಕೊನೆಯಲ್ಲಿ ಬಿತ್ತಿದ ಮೆಕ್ಕೆಜೋಳಕ್ಕೆ ಅದು ಸೂಲಂಗಿ ಒಡೆಯುವ ಹೊತ್ತು. ಆಗ ತೇವ ತಪ್ಪಿದರೆ ದಂಟು ಎಷ್ಟು ಎತ್ತರವಿದ್ದರೇನು, ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು.

ಇಂಥ ಸಮಯದಲ್ಲಿ ಸರ್ಕಾರ ಕೊಡುವ ಹಣಕ್ಕೆ ಜನ ‘ಬೆಳೆ ಪರಿಹಾರ’ ಎನ್ನುತ್ತಾರೆ. ಕಾಗದದಲ್ಲಿ ಅದರ ಹೆಸರು ‘ಇನ್‌ಪುಟ್ ಸಬ್ಸಿಡಿ’. ಅಂದರೆ ಮುಂದಿನ ಬಿತ್ತನೆಗೆ ಬೀಜ ಗೊಬ್ಬರ ಕೊಳ್ಳಲು ನೆರವು. ಹೋದ ಬೆಳೆಯ ಬೆಲೆಯಲ್ಲ. ಈ ವ್ಯತ್ಯಾಸ ತಿಳಿಯದಿದ್ದರೆ ಲೆಕ್ಕ ಅರ್ಥವಾಗದು. 2022-26ರ ಅವಧಿಗೆ ಕೇಂದ್ರ ಗೊತ್ತುಪಡಿಸಿದ ದರ ಹೆಕ್ಟೇರಿಗೆ ಖುಷ್ಕಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಹಾನಿ ಶೇಕಡ 33 ಅಥವಾ ಹೆಚ್ಚಿರಬೇಕು. ಕೊಡುವುದು ಎರಡು ಹೆಕ್ಟೇರಿನವರೆಗೆ, ಎಂದರೆ ಸುಮಾರು 4 ಎಕರೆ 38 ಗುಂಟೆಗೆ ಮಾತ್ರ.

ಎಕರೆ ಲೆಕ್ಕದಲ್ಲಿ ಖುಷ್ಕಿಗೆ ಬರುವುದು ಸುಮಾರು 3,440 ರೂಪಾಯಿ. 2023ರ ಬರಕ್ಕೆ 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ರೈತನೊಬ್ಬನಿಗೆ 2,000 ರೂಪಾಯಿವರೆಗೆ ಮೊದಲ ಕಂತು ಕೊಟ್ಟಿತು. ಕೇಂದ್ರದ ನೆರವಿಗಾಗಿ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಹಣ ಬಿಡುಗಡೆಯಾದದ್ದು ಏಪ್ರಿಲ್ ಕೊನೆಗೆ, ರೈತರ ಖಾತೆಗೆ ಬಂದದ್ದು ಮೇ ತಿಂಗಳಲ್ಲಿ. ಮೊದಲು ಕೊಟ್ಟದ್ದನ್ನು ಮುರಿದುಕೊಂಡದ್ದರಿಂದ ಒಂದೆಕರೆಯವನ ಕೈಗೆ ಆಗ ಸಿಕ್ಕಿದ್ದು ಸುಮಾರು 1,440 ರೂಪಾಯಿ. ‘ಉಳಿದದ್ದನ್ನು ಯಾರು ತಿಂದರು?’ ಎಂದು ಹಲವರು ಕೇಳಿದರು. ಯಾರೂ ತಿಂದಿರಲಿಲ್ಲ. ಆದರೆ ಹಿಂಗಾರಿನ ಕಡಲೆ, ಬಿಳಿಜೋಳದ ಬಿತ್ತನೆಗೆ ಆಗಬೇಕಿದ್ದ ಹಣ ಬೇಸಿಗೆಯಲ್ಲಿ ಬಂದಿತೆಂಬುದು ನಿಜವಾದ ದೂರು. ಬಿತ್ತನೆಯ ಹದ ಕಡತಕ್ಕಾಗಿ ಕಾಯುವುದಿಲ್ಲ.

ಇನ್ನು ಹಣವೇ ಬಾರದವರ ಮಾತು. ಇಂದು ಹಣ ಅರ್ಜಿಯ ಹಿಂದೆ ಬರುವುದಲ್ಲ, ದಾಖಲೆಯ ಹಿಂದೆ ಬರುತ್ತದೆ. ರೈತನಿಗೆ ಫ್ರೂಟ್ಸ್ ಗುರುತಿನ ಸಂಖ್ಯೆ ಇರಬೇಕು. ಅವನ ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಸೇರಿರಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಮೂರು ತುಂಡು ಹೊಲವಿದ್ದು ಒಂದನ್ನೇ ಸೇರಿಸಿದ್ದರೆ ಉಳಿದ ಎರಡಕ್ಕೆ ಹಣವಿಲ್ಲ. ಬೆಳೆ ಸಮೀಕ್ಷೆಯಲ್ಲಿ ‘ಪಾಳು’ ಎಂದು ಬರೆದಿದ್ದರೂ ಅಷ್ಟೆ. ಸಮೀಕ್ಷೆಗೆ ಬಂದ ಹುಡುಗನಿಗೆ ಬದುವಿನ ಮೇಲೆ ನಿಂತು ಕೈ ತೋರಿಸಿ ಕಳಿಸಬೇಡಿ, ಹೊಲದೊಳಗೆ ಕರೆದೊಯ್ದು ಬೆಳೆ ತೋರಿಸಿ.

ಎಲ್ಲಕ್ಕಿಂತ ದೊಡ್ಡ ತೊಡಕು ತೀರಿಕೊಂಡವರ ಹೆಸರಿನ ಪಹಣಿ. ಅಪ್ಪ ಹೋಗಿ ಹತ್ತು ವರ್ಷವಾಗಿರುತ್ತದೆ, ಅಣ್ಣತಮ್ಮಂದಿರು ಉಳುತ್ತಿರುತ್ತಾರೆ, ಖಾತೆ ಮಾತ್ರ ಅಪ್ಪನದೇ. ಬರ ಬಂದ ಮೇಲೆ ಓಡಾಡಿದರೆ ಆ ವರ್ಷದ ಹಣ ಸಿಗುವುದು ಕಷ್ಟ. ಮರಣ ಪತ್ರ, ವಂಶವೃಕ್ಷ ಸಿದ್ಧಪಡಿಸಿಕೊಂಡು ಪೌತಿ ಖಾತೆಯನ್ನು ಬೇಸಿಗೆಯಲ್ಲೇ ಮಾಡಿಸುವುದು ಲೇಸು. ಕೋರಿಗೆ, ಗುತ್ತಿಗೆಗೆ ಮಾಡುವವರ ಪಾಡು ಇನ್ನೂ ಕಠಿಣ. 1974ರ ಭೂ ಸುಧಾರಣೆಯ ನಂತರ ಗೇಣಿಗೆ ಕಾಗದವಿಲ್ಲ. ಬೆವರು ಒಬ್ಬರದು, ಜಮಾ ಇನ್ನೊಬ್ಬರ ಖಾತೆಗೆ. ಬಿತ್ತುವ ಮುನ್ನವೇ ಮಾಲೀಕರೊಡನೆ ಹಿರಿಯರ ಎದುರು ಮಾತಾಡಿಕೊಳ್ಳುವುದಲ್ಲದೆ ಸದ್ಯಕ್ಕೆ ಬೇರೆ ದಾರಿ ಕಾಣದು.

ಬೆಳೆ ವಿಮೆ ಬೇರೆ, ಈ ಪರಿಹಾರ ಬೇರೆ. ವಿಮೆಗೆ ಕಂತು ಕಟ್ಟಿರಬೇಕು. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗಳಿಗೆ ರೈತನ ಪಾಲು ವಿಮಾ ಮೊತ್ತದ ಶೇಕಡ 2. ಬರದ ವರ್ಷ ಅಲ್ಲಿ ತೀರ್ಮಾನವಾಗುವುದು ಬೆಳೆ ಕಟಾವು ಪ್ರಯೋಗದ ಇಳುವರಿಯಿಂದ, ಒಬ್ಬನ ಹೊಲ ನೋಡಿಯಲ್ಲ. ಆಲಿಕಲ್ಲು ಬೀಳುವುದು, ಹೊಲದಲ್ಲಿ ನೀರು ನಿಲ್ಲುವುದು ಮುಂತಾದ ಸ್ಥಳೀಯ ಹಾನಿಗೆ ಒಬ್ಬನ ಹೊಲದ ಲೆಕ್ಕ. ಅದಕ್ಕೆ 72 ಗಂಟೆಯೊಳಗೆ ತಿಳಿಸಬೇಕು. ವಿಮಾ ಕಂಪನಿಗೆ ತಿಳಿಸುವ ಬಗೆ ಗೊತ್ತಾಗದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಂದೇ ಹೋಗಿ. ಪಹಣಿ, ಆಧಾರ್, ಕಂತು ಕಟ್ಟಿದ ರಸೀದಿ ಜೊತೆಗಿರಲಿ.