ಟೈಲ್ಸಿನ ಕೆಳಗಿನ ಮಣ್ಣು
(ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹರೂಪ)



ಬೆಳೆಯ ಬೇರಿನ ಕುರಿತು ಮಾತನಾಡಬೇಕಾದವನು ಇಂದು ಅಡುಗೆಮನೆಯ ನೆಲದ ಕುರಿತು ಮಾತನಾಡಲು ನಿಂತಿದ್ದೇನೆ. ಎರಡರ ಕೆಳಗೂ ಇರುವುದು ಅದೇ ಮಣ್ಣು.

ಯಲಬುರ್ಗಾ ಕಡೆಯ ನಮ್ಮ ಬಂಧುಗಳೊಬ್ಬರು ಹತ್ತಿ ಮಾರಿದ ಹಣದಲ್ಲಿ ಅಡುಗೆಮನೆಗೆ ಟೈಲ್ಸ್ ಹಾಕಿಸಿದರು. ಎರಡನೆಯ ಮಳೆಗಾಲದ ಹೊತ್ತಿಗೆ ಒಲೆಕಟ್ಟೆಯ ಮುಂದೆ ನೆಲ ಉಬ್ಬಿ ಟೈಲ್ಸು ಎದ್ದವು. ಅವರು ಗೌಂಡಿಯನ್ನು ಬೈದರು, ಗೌಂಡಿ ಟೈಲ್ಸನ್ನು ಬೈದ. ದೋಷವಿದ್ದದ್ದು ಕೆಳಗೆ. ಪಾಯದಿಂದ ಅಗೆದ ಎರೆಮಣ್ಣನ್ನೇ ಮರಳಿ ನೆಲಕ್ಕೆ ತುಂಬಿದ್ದರು.

ಎರೆಮಣ್ಣಿನ ಜೇಡಿಕಣಗಳು ತಮ್ಮ ಪದರಗಳ ನಡುವೆ ನೀರು ಹೀರಿ ಹಿಗ್ಗುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯ ಹೊಲದಲ್ಲಿ ಬಾಯ್ದೆರೆದ ಬಿರುಕು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂಗಾರಿ ಜೋಳವನ್ನು ಸಾಕುವ ಗುಣವೇ ಮನೆಗೆ ಕೇಡು. ಅಡುಗೆಮನೆಯಲ್ಲಂತೂ ಮೋರಿಯ ನೀರು ವರ್ಷವಿಡೀ ಒಂದೇ ಮೂಲೆಗೆ ಇಂಗುತ್ತದೆ. ಆ ಮೂಲೆಯಷ್ಟೇ ಉಬ್ಬುತ್ತದೆ. ಕೊಪ್ಪಳ, ಗಂಗಾವತಿಯ ಗುಡ್ಡದ ಸೆರಗಿನ ಮಸಾರಿ ನೆಲದಲ್ಲಿ ಈ ಕಾಟ ಕಡಿಮೆ. ಅಲ್ಲಿ ಕೆಲಸ ಕಲಿತ ಗೌಂಡಿ ಕುಷ್ಟಗಿಯ ಎರೆಸೀಮೆಯಲ್ಲಿ ಮೋಸಹೋಗುವುದು ಇದರಿಂದಲೇ.

ವಿದ್ಯಾರ್ಥಿಗಳು ಇದನ್ನು ಶಾಲೆಯಲ್ಲೇ ಪರೀಕ್ಷಿಸಬಹುದು. ಒಣಗಿಸಿ, ಪುಡಿಮಾಡಿ, ಸಣ್ಣ ಜರಡಿಯಲ್ಲಿ ಸೋಸಿದ ಮಣ್ಣನ್ನು ಎರಡು ಅಳತೆಗಾಜುಗಳಿಗೆ 10 ಗ್ರಾಂನಂತೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಕಲಕಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗುವುದಿಲ್ಲ. 24 ಗಂಟೆಯ ಬಳಿಕ ನೀರಿನಲ್ಲಿರುವ ಮಣ್ಣಿನ ಮಟ್ಟ ಒಂದೂವರೆ ಪಟ್ಟು ಮೀರಿದ್ದರೆ ಆ ಮಣ್ಣನ್ನು ನೆಲಕ್ಕೆ ತುಂಬಬೇಡಿ.

ಹಾಗಾದರೆ ಮಾಡುವುದೇನು? ಎರಡು ಅಡಿಯಷ್ಟಾದರೂ ಎರೆಯನ್ನು ತೆಗೆದು ಹೊಲಕ್ಕೆ ಸಾಗಿಸಿ. ಅಲ್ಲಿ ಅದು ಚಿನ್ನ. ಆ ಜಾಗಕ್ಕೆ ಗರಸನ್ನು ಆರಾರು ಇಂಚಿನ ಪದರವಾಗಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರಕ್ಕೂ ದಮ್ಮಸು ಮಾಡಬೇಕು. ಒಮ್ಮೆಲೇ ತುಂಬಿ ಮೇಲಷ್ಟೇ ಬಡಿದರೆ ಒಳಗೆ ಪೊಳ್ಳು ಉಳಿಯುತ್ತದೆ. ಹಿಗ್ಗದ ಮಣ್ಣಿನ ಇಂಥ ಹಾಸನ್ನು ಮುಂಬಯಿ ಐಐಟಿಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿಯವರು ಎರೆಭೂಮಿಯ ಕಾಲುವೆಗಳಿಗೆ ಸೂಚಿಸಿದ್ದರು. ಮೇಲೆ ಮೂರ್ನಾಲ್ಕು ಇಂಚು ಕಾಂಕ್ರೀಟು ಹಾಕಿ, ಮೋರಿಯ ಕಡೆಗೆ ತುಸು ಇಳಿಜಾರು ಕೊಟ್ಟು, ವಾರವಾದರೂ ನೀರುಣಿಸಿ, ಆಮೇಲೆ ಒಣಗಲು ಬಿಡಿ.

ಗಂಗಾವತಿಯ ಭತ್ತದ ಗದ್ದೆಗಳ ನಡುವಿನ ಊರುಗಳಲ್ಲಿ ತೇವ ಕೆಳಗಿನಿಂದಲೇ ಏರುತ್ತದೆ. ಒಣಗಿದ ಕಾಂಕ್ರೀಟಿನ ಮೇಲೆ ಪ್ಲಾಸ್ಟಿಕ್ ಹಾಳೆಯೊಂದನ್ನು ಹಾಸಿ, ಅಂಚುಗಳನ್ನು ಅಂಟಿಸಿ, ಮರುದಿನ ಎತ್ತಿ ನೋಡಿ. ಅಡಿಯಲ್ಲಿ ಬೆವರು ಕಂಡರೆ ಟೈಲ್ಸಿಗೆ ಅವಸರ ಬೇಡ.

ಇನ್ನು ಗರಸು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ. ನಮ್ಮ ಗುಡ್ಡಗಳ ಬುಡವನ್ನು ಜೆಸಿಬಿ ಹಚ್ಚಿ ಕೆರೆಯುವುದನ್ನು ನಾನು ಒಪ್ಪಲಾರೆ. ಕೆಡವಿದ ಗೋಡೆಯ ಕಲ್ಲುಚೂರು, ಇಟ್ಟಿಗೆಯ ತುಂಡುಗಳನ್ನು ತಳದ ಪದರಕ್ಕೆ ಬಳಸಿದರೆ ಗರಸು ಉಳಿಯುತ್ತದೆ. ಹಳೆಯ ಶಹಾಬಾದ್ ಕಲ್ಲಿನ ನೆಲವಿದ್ದರೆ ಮೊದಲು ಕೋಲಿನಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಾರದಿದ್ದರೆ, ಅದನ್ನು ಒಡೆಯುವ ಮೊದಲು ಮನೆಯ ಹೆಂಗಸರನ್ನೊಮ್ಮೆ ಕೇಳಿ. ಆ ನೆಲದ ಮೇಲೆ ದಿನವಿಡೀ ನಿಲ್ಲುವವರು ಅವರೇ.