ತಡೆ ಮತ್ತು ತಡೆದುಕೊಳ್ಳು
(ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಈ ವರ್ಷ ನಮ್ಮ ಶಾಲೆಯ ಹೂದೋಟಕ್ಕೊಂದು ಫಲಕ ಬೇಕಾಯಿತು. ‘ಕೈಂಡ್ಲಿ ರಿಫ್ರೇನ್ ಫ್ರಮ್ ಪ್ಲಕಿಂಗ್ ಫ್ಲವರ್ಸ್’ ಎಂಬ ಇಂಗ್ಲಿಷ್ ವಾಕ್ಯವನ್ನು ಹತ್ತನೆಯ ಇಯತ್ತೆಯವರಿಗೆ ಅನುವಾದಕ್ಕಾಗಿ ಕೊಟ್ಟೆವು. ಸುಲಭವೆಂದೇ ಭಾವಿಸಿದ್ದೆವು.

ಹೆಚ್ಚಿನವರು ‘ಹೂ ಕೀಳಬಾರದು’ ಎಂದು ಬರೆದಿದ್ದರು. ಕೆಲವರು ‘ನಿಷೇಧಿಸಲಾಗಿದೆ’ ಎಂದಿದ್ದರು. ಒಬ್ಬ ಬಾಲಕನು ಮಾತ್ರ ‘ಮನಸ್ಸನ್ನು ಆವರಿಸಿರಿ’ ಎಂದು ಬರೆದಿದ್ದನು. ತರಗತಿ ನಕ್ಕಿತು, ನಾವು ನಗಲಿಲ್ಲ. ಇಚಲಕರಂಜಿಯ ಓಣಿಯಲ್ಲಿ ಬೆಳೆದ ಹುಡುಗನ ಕಿವಿಗೆ ಮರಾಠಿಯ ‘ಆವರಣೇ’ ದಿನವೂ ಬೀಳುವುದು. ಅಲ್ಲಿ ಅದಕ್ಕೆ ಹತೋಟಿಯಲ್ಲಿಡು ಎಂದರ್ಥ. ಕನ್ನಡದಲ್ಲಿ ಆವರಿಸು ಎಂದರೆ ಸುತ್ತಲೂ ಕವಿ. ಮಂಜು ಆವರಿಸುತ್ತದೆ. ಶಬ್ದ ತಪ್ಪಿತ್ತು, ಆದರೆ ವಾಕ್ಯದ ಮರ್ಮವನ್ನು ಹಿಡಿದವನು ಅವನೊಬ್ಬನೇ. ಮಿಕ್ಕವರು ಕಾವಲುಗಾರನ ಮಾತನ್ನು ಬರೆದಿದ್ದರು. ಅವನು ಹೂ ಕೀಳಬಯಸುವವನ ಮನಸ್ಸನ್ನು ನೋಡಿದ್ದನು.

‘ರಿಫ್ರೇನ್’ ಎಂಬುದು ಲ್ಯಾಟಿನ್ನಿನಲ್ಲಿ ಕಡಿವಾಣಕ್ಕಿರುವ ಹೆಸರಿನಿಂದ ಹುಟ್ಟಿದ್ದು. ನಮ್ಮ ಕಠೋಪನಿಷತ್ತು ಇಂದ್ರಿಯಗಳನ್ನು ಕುದುರೆಗಳಿಗೂ ಮನಸ್ಸನ್ನು ಲಗಾಮಿಗೂ ಹೋಲಿಸಿದೆ. ದೂರದ ಜಪಾನೀಯರು ಈ ಕ್ರಿಯಾಪದಕ್ಕೆ ಬಳಸುವ ‘ಹಿಕಾಎರು’ ಎಂಬ ಮಾತಿಗೂ ಕುದುರೆಯನ್ನು ಎಳೆದು ನಿಲ್ಲಿಸು ಎಂಬ ಹಳೆಯ ಅರ್ಥವುಂಟು! ಅವರಲ್ಲಿ ‘ಜಿಶುಕು’ ಎಂಬ ಇನ್ನೊಂದು ಶಬ್ದವಿದೆ. ಅದರ ಮೊದಲ ಅಕ್ಷರದ ಅರ್ಥವೇ ‘ತಾನು’. 2020ರಲ್ಲಿ ಕೋವಿಡ್ ಹರಡಿದಾಗ ಹೊರಗೆ ತಿರುಗಾಡದಿರಿ ಎಂದು ಅಲ್ಲಿಯ ಸರಕಾರ ಜನರನ್ನು ಕೇಳಿಕೊಂಡದ್ದು ಇದೇ ಶಬ್ದದಿಂದ. ಮನೆಯಿಂದ ಹೊರಬಿದ್ದವನಿಗೆ ದಂಡವಿರಲಿಲ್ಲ. ಸರಕಾರ ಹೇಳಿದ ಮೇಲೆ ಅದು ತನ್ನ ಸಂಯಮ ಹೇಗಾದೀತು ಎಂದು ಯಾರಾದರೂ ಕೇಳಬಹುದು. ನಮ್ಮ ಫಲಕದ ತೊಡಕೂ ಅದೇ ಆಗಿತ್ತು.

‘ಸಂಯಮ’ವೆಂಬ ದೊಡ್ಡ ಶಬ್ದ ನಮ್ಮಲ್ಲಿದೆ ನಿಜ. ಆದರೆ ಮೂರನೆಯ ಇಯತ್ತೆಯ ಮಗು ಅದನ್ನು ಅಕ್ಷರಕ್ಕಕ್ಷರ ಕೂಡಿಸಿ ಓದಿ, ಹೂವನ್ನು ಕಿತ್ತೇ ಬಿಡುವುದು. ಕೊನೆಗೆ ನೆರವಿಗೆ ಬಂದುದು ನಮ್ಮ ಮನೆಮಾತಿನ ‘ಕೊಳ್ಳು’. ‘ತಡೆ’ ಎಂದರೆ ಕೈ ಪರರತ್ತ ಚಾಚುವುದು. ‘ತಡೆದುಕೊಳ್ಳು’ ಎಂದೊಡನೆ ಅದೇ ಕೈ ನಮ್ಮತ್ತ ತಿರುಗುವುದು. ಹೊಕ್ಕಿನ ಎಳೆ ಹರಿದರೆ ಮಗ್ಗ ನಿಲ್ಲುವುದನ್ನು ಇಲ್ಲಿರುವ ನೇಕಾರ ಪಾಲಕರೆಲ್ಲ ಬಲ್ಲರು. ಮಗ್ಗ ನಿಂತಿತು ಎನ್ನುವೆವು, ತಡೆದುಕೊಂಡಿತು ಎನ್ನುವುದಿಲ್ಲ. ಅದಕ್ಕೆ ಒಳಗೊಂದು ಆಸೆಯಿರಬೇಕಲ್ಲವೇ?

‘ಹೂ ಕೀಳುವ ಆಸೆಯನ್ನು ದಯಮಾಡಿ ತಡೆದುಕೊಳ್ಳಿರಿ’ ಎಂದು ಫಲಕವನ್ನು ಆ ಬಾಲಕನ ಕೈಯಿಂದಲೇ ಬರೆಯಿಸಿದೆವು. ಕೆಳಗೆ ಮರಾಠಿಯಲ್ಲಿಯೂ ಅವನೇ ಬರೆದನು. ಅಲ್ಲಿ ‘ಆವರಾ’ ಎಂಬ ಮಾತು ತನ್ನ ಸ್ಥಾನದಲ್ಲಿ ಸರಿಯಾಗಿ ಕುಳಿತಿದೆ.