ಹಾಡು ಹುಡುಕಿ ಹೊರಟ ವಕೀಲರು

ಕಳೆದ ಬೇಸಗೆಯಲ್ಲಿ ನಮ್ಮ ಹಳೆಯ ಮನೆಯ ಅಟ್ಟವನ್ನು ಚೊಕ್ಕಟ ಮಾಡುವಾಗ ಒಂದು ಪುಸ್ತಕ ಕೈಗೆ ಸಿಕ್ಕಿತು. ರಟ್ಟು ಹೋಗಿತ್ತು; ಮೊದಲ ನಾಲ್ಕಾರು ಪುಟಗಳನ್ನು ಗೆದ್ದಲು ತಿಂದಿತ್ತು. ಉಳಿದ ಪುಟಗಳಲ್ಲಿ ಸ, ರಿ, ಗ, ಮ ಎಂಬ ಅಕ್ಷರಗಳ ಸಾಲು. ಅಕ್ಷರಗಳ ಕೆಳಗೆ ಒಂದೊಂದು ಅಡ್ಡಗೆರೆ, ಮೇಲೊಂದು ಚುಕ್ಕೆ, ನಡುವೆ ಗುಣಾಕಾರದ ಗುರುತು, ಸೊನ್ನೆ. ಲೆಕ್ಕದ ಪುಸ್ತಕವೋ ಮಂತ್ರದ ಪುಸ್ತಕವೋ ಎಂದು ನನ್ನ ಮೊಮ್ಮಗಳು ಕೇಳಿದಳು. ನನಗೆ ಮಾತ್ರ ಅದನ್ನು ನೋಡಿದೊಡನೆ ನಮ್ಮ ತಂದೆಯವರ ನೆನಪಾಯಿತು. ಅವರು ಕಚೇರಿಯಲ್ಲಿ ಗುಮಾಸ್ತರು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಈ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಾರ್ಮೋನಿಯಮ್ ಮುಂದೆ ಕೂಡುತ್ತಿದ್ದರು. ಅವರಿಗೆ ಗುರುಗಳೆಂಬುವರು ಯಾರೂ ಇರಲಿಲ್ಲ. ಗುರುವಿನ ಮನೆಯಲ್ಲಿ ಹತ್ತು ವರ್ಷ ಇದ್ದು ಕಲಿಯುವ ಪುಣ್ಯ, ಆರು ಮಕ್ಕಳ ತಂದೆಯಾದ ಗುಮಾಸ್ತರಿಗೆ ಎಲ್ಲಿಂದ ಬರಬೇಕು?

ಆ ಪುಸ್ತಕವನ್ನು ಬರೆದವರು ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು. ಅವರು ರಾಜಾಸ್ಥಾನದ ಗಾಯಕರಲ್ಲ, ಉಸ್ತಾದರ ವಂಶದಲ್ಲಿ ಹುಟ್ಟಿದವರೂ ಅಲ್ಲ. ಮುಂಬಯಿಯ ಒಬ್ಬ ವಕೀಲರು. ಹಾಡನ್ನು ಹುಡುಕಿಕೊಂಡು ದೇಶವೆಲ್ಲ ತಿರುಗಿ, ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಟ್ಟು, ಬರೆದದ್ದನ್ನು ಅಚ್ಚು ಹಾಕಿಸಿ ನಮ್ಮ ತಂದೆಯಂಥವರ ಕೈಗೆ ಮುಟ್ಟಿಸಿದವರು. ಆ ತಿರುಗಾಟದ ಕಥೆಯನ್ನೇ ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಭಾತಖಂಡೆಯವರು ಹುಟ್ಟಿದ್ದು 1860ರ ಆಗಸ್ಟ್ 10ರಂದು, ಮುಂಬಯಿಯ ವಾಲಕೇಶ್ವರದಲ್ಲಿ. ಓದುವ ಕಾಲದಲ್ಲಿಯೇ ಸಿತಾರ ಕಲಿತರು. ಮುಂಬಯಿಯ ಪಾರಸಿ ಮಹನೀಯರು 1870ರಲ್ಲಿ ಕಟ್ಟಿದ್ದ 'ಗಾಯನ ಉತ್ತೇಜಕ ಮಂಡಳಿ' ಎಂಬ ಸಂಸ್ಥೆಯನ್ನು 1884ರಲ್ಲಿ ಸೇರಿದರು. ಅಲ್ಲಿ ರಾವಜಿಬುವಾ ಬೇಲಬಾಗಕರರಿಂದ ಧ್ರುಪದಗಳನ್ನೂ, ಅಲಿ ಹುಸೇನ್ ಖಾನರಿಂದ ಖಯಾಲುಗಳನ್ನೂ ಪಾಠ ಮಾಡಿಕೊಂಡರು. ಈ ನಡುವೆ ಬಿ.ಎ. ಆಯಿತು, 1887ರಲ್ಲಿ ಎಲ್‌ಎಲ್.ಬಿ. ಆಯಿತು. ಕೆಲವು ಕಾಲ ಕರಾಚಿಯಲ್ಲಿ ವಕೀಲಿ ಮಾಡಿ ಮತ್ತೆ ಮುಂಬಯಿಗೆ ಬಂದರು. ಸಂಸಾರ ಹೂಡಿದರು. ಎಲ್ಲ ಮಧ್ಯಮ ವರ್ಗದ ಗೃಹಸ್ಥರಂತೆ ಅವರ ಬಾಳೂ ಸಾಗುತ್ತಿತ್ತು.

ಆದರೆ 1900ರಲ್ಲಿ ಹೆಂಡತಿ ತೀರಿಕೊಂಡರು. 1903ರಲ್ಲಿ ಮಗಳೂ ಹೋದಳು. ನಲವತ್ತಮೂರನೆಯ ವಯಸ್ಸಿಗೆ ಆ ಮನೆಯಲ್ಲಿ ಅವರನ್ನು ಕಾಯುವವರು ಯಾರೂ ಉಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಕೆಲವರು ಕಾಶಿಗೆ ಹೋಗುತ್ತಾರೆ, ಕೆಲವರು ಎರಡನೆಯ ಮದುವೆಯಾಗುತ್ತಾರೆ. ಭಾತಖಂಡೆಯವರು ಒಂದು ದಿನಚರಿ ಪುಸ್ತಕ, ಒಂದಷ್ಟು ಪ್ರಶ್ನೆಗಳು, ಇಷ್ಟನ್ನೇ ಹಿಡಿದು 1904ರ ಕೊನೆಯಲ್ಲಿ ದಕ್ಷಿಣದ ಕಡೆಗೆ ರೈಲು ಹತ್ತಿದರು.

ಪ್ರಶ್ನೆಗಳು ಏನು? ವಕೀಲರ ಪ್ರಶ್ನೆಗಳೇ ಅವು. ಒಂದೇ ರಾಗವನ್ನು ಒಬ್ಬ ಉಸ್ತಾದರು ಒಂದು ರೀತಿ ಹಾಡುತ್ತಾರೆ, ಇನ್ನೊಬ್ಬರು ಇನ್ನೊಂದು ರೀತಿ ಹಾಡುತ್ತಾರೆ. ಇಬ್ಬರೂ ತಮ್ಮದೇ ಸರಿ ಎನ್ನುತ್ತಾರೆ. ಇದಕ್ಕೆ ಆಧಾರವೇನು? ಸಂಸ್ಕೃತ ಗ್ರಂಥಗಳಲ್ಲಿ ಹೇಳಿದ ರಾಗಕ್ಕೂ ಇಂದು ಹಾಡುವ ರಾಗಕ್ಕೂ ಸಂಬಂಧವುಂಟೆ? ಆರು ರಾಗಗಳು ಗಂಡಂದಿರು, ರಾಗಿಣಿಯರು ಅವರ ಹೆಂಡಿರು, ಮಿಕ್ಕವು ಮಕ್ಕಳು ಎಂದು ಉತ್ತರದವರು ಹೇಳಿಕೊಂಡು ಬಂದಿದ್ದಾರಲ್ಲ, ಆ ಸಂಬಂಧವನ್ನು ಸ್ವರದಿಂದ ತೋರಿಸಿಕೊಡಬಲ್ಲವರು ಯಾರು? ಸಾಕ್ಷಿ ಇಲ್ಲದ ಮಾತನ್ನು ನ್ಯಾಯಾಲಯ ಒಪ್ಪುವುದಿಲ್ಲ. ಸಂಗೀತದಲ್ಲಿ ಮಾತ್ರ ಏಕೆ ಒಪ್ಪಬೇಕು?

ಮದರಾಸು, ತಂಜಾವೂರು, ಮಧುರೆಗಳನ್ನು ಸುತ್ತಿ ಅವರು ಎಟ್ಟಯಪುರಕ್ಕೆ ಬಂದರು. ಅಲ್ಲಿದ್ದವರು ಸುಬ್ಬರಾಮ ದೀಕ್ಷಿತರು, ಮುತ್ತುಸ್ವಾಮಿ ದೀಕ್ಷಿತರ ಮನೆತನದವರು. ಕೃತಿಗಳನ್ನು ಸ್ವರಸಹಿತ ಬರೆದಿಟ್ಟ ಅವರ ದೊಡ್ಡ ಗ್ರಂಥ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಅದೇ 1904ರಲ್ಲಿ ಅಚ್ಚಾಗಿತ್ತು. ಹಾಡಿನ ಹಳೆಯ ಧನವನ್ನು ಕಾಗದಕ್ಕೆ ಇಳಿಸಬೇಕೆಂದು ಹಂಬಲಿಸಿದ ಇಬ್ಬರು, ಒಬ್ಬರು ತಮ್ಮ ಕೆಲಸ ಮುಗಿಸಿ, ಇನ್ನೊಬ್ಬರು ಕೆಲಸ ತೊಡಗುವ ಮುನ್ನ, ಎದುರುಬದುರಾಗಿ ಕುಳಿತರು. ಆ ಮಾತುಕತೆ ಎಂಥದಿದ್ದೀತೆಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು.

ಈ ಪ್ರವಾಸದಿಂದ ಅವರು ಹೊತ್ತು ತಂದ ದೊಡ್ಡ ಲಾಭ ವೆಂಕಟಮಖಿಯ ಎಪ್ಪತ್ತೆರಡು ಮೇಳಗಳ ವಿಚಾರ. ಹದಿನೇಳನೆಯ ಶತಮಾನದಲ್ಲಿ 'ಚತುರ್ದಂಡಿ ಪ್ರಕಾಶಿಕೆ'ಯನ್ನು ಬರೆದ ಈ ವೆಂಕಟಮಖಿ, ತಂಜಾವೂರಿನ ನಾಯಕರಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರ ಮಗ; ಮೂಲತಃ ಕನ್ನಡ ಮನೆತನದವರು. ಲೆಕ್ಕ ಬಹು ಸರಳ. ಷಡ್ಜ, ಪಂಚಮ ಎರಡೂ ಅಲುಗುವುದಿಲ್ಲ. ಮಧ್ಯಮ ಎರಡು ಬಗೆ. ರಿಷಭ ಗಾಂಧಾರಗಳ ಜೋಡಿ ಆರು ಬಗೆ. ಧೈವತ ನಿಷಾದಗಳ ಜೋಡಿಯೂ ಆರು ಬಗೆ. ಎರಡು, ಆರು, ಆರು, ಇವನ್ನು ಗುಣಿಸಿದರೆ 72. ಯಾವ ರಾಗವನ್ನು ತಂದರೂ ಅದರ ಸ್ವರ ನೋಡಿ ಇಂಥ ಮನೆಗೆ ಸೇರಿದ್ದೆಂದು ಹೇಳಬಹುದು. ಗಂಡ ಹೆಂಡಿರ ವಂಶಾವಳಿಯ ಗೊಡವೆ ಬೇಡ.

ಭಾತಖಂಡೆಯವರು ಈ ಹಾದಿಯನ್ನೇ ಹಿಡಿದು ಉತ್ತರದ ರಾಗಗಳನ್ನು ಹತ್ತು ಥಾಟುಗಳಲ್ಲಿ ಹಂಚಿದರು: ಬಿಲಾವಲ, ಕಲ್ಯಾಣ, ಖಮಾಜ, ಭೈರವ, ಪೂರ್ವಿ, ಮಾರವಾ, ಕಾಫಿ, ಆಸಾವರಿ, ಭೈರವಿ, ತೋಡಿ. ಈ ಹತ್ತೂ ನಮ್ಮ ಎಪ್ಪತ್ತೆರಡರಲ್ಲಿ ಸೇರಿದವೇ. ಅವರ ಬಿಲಾವಲ ನಮ್ಮ ಶಂಕರಾಭರಣ. ಅವರ ಭೈರವ ನಮ್ಮ ಮಾಯಾಮಾಳವಗೌಳ. ಅವರ ಭೈರವಿ ಥಾಟು ನಮ್ಮ ತೋಡಿ! ಮೈಸೂರಿನ ಸೋದರತ್ತೆ ತೋಡಿ ಕೇಳೋಣವೆಂದು, ಧಾರವಾಡದ ಸೊಸೆ ಭೈರವಿ ಕೇಳೋಣವೆಂದು ಒಂದೇ ರೇಡಿಯೊ ಮುಂದೆ ಜಗಳಾಡಿದರೆ, ಇಬ್ಬರೂ ಬೇಡಿದ್ದು ಒಂದೇ ಸ್ವರಗಳನ್ನು ಎಂದು ನೀವು ಧೈರ್ಯವಾಗಿ ತೀರ್ಪು ಹೇಳಬಹುದು. ಸ್ವರ ಒಂದೇ ಆದರೂ ನಡೆ ಬೇರೆ, ಗಮಕ ಬೇರೆ. ಆದ್ದರಿಂದ ಜಗಳ ನಿಲ್ಲುತ್ತದೆಂದು ಮಾತ್ರ ನಾನು ಹೊಣೆ ಹೊರಲಾರೆ.

ದಕ್ಷಿಣದ ಯಾತ್ರೆಯಿಂದ ಹಿಂದಿರುಗಿದ ಮೇಲೆ 1907ರಲ್ಲಿ ಮತ್ತೆ ಹೊರಟರು. ನಾಗಪುರ, ಹೈದರಾಬಾದು, ವಿಜಯನಗರಂ, ಪುರಿ, ಕಲ್ಕತ್ತ. 1908-09ರಲ್ಲಿ ಪ್ರಯಾಗ, ಕಾಶಿ, ಲಖನೌ, ಆಗ್ರಾ, ದಿಲ್ಲಿ, ಜಯಪುರ, ಬಿಕಾನೇರ, ಉದಯಪುರ. ಹೋದಲ್ಲೆಲ್ಲ ಗ್ರಂಥ ಭಂಡಾರಗಳಲ್ಲಿ ತಾಳೆಗರಿ, ಕೈಬರಹಗಳನ್ನು ನೋಡುವುದು, ಗಾಯಕರನ್ನು ಕಾಣುವುದು, ರಾತ್ರಿ ಕುಳಿತು ದಿನಚರಿ ಬರೆಯುವುದು.

ಗ್ರಂಥ ಸಿಕ್ಕುವುದು ಸುಲಭ, ಹಾಡು ಸಿಕ್ಕುವುದು ಕಷ್ಟ. ಅಂದಿನ ಉಸ್ತಾದರಿಗೆ ಚೀಜು ಎಂದರೆ ಮನೆಯ ಒಡವೆ. ಒಡವೆಯನ್ನು ಬೀದಿಯಲ್ಲಿ ಹೋಗುವವರಿಗೆ ತೋರಿಸುವುದುಂಟೆ? ಮಗನಿಗೆ, ಅಳಿಯನಿಗೆ ಹೇಳಿಕೊಟ್ಟಾರು. ಕೋಟು ತೊಟ್ಟು ಪೆನ್ಸಿಲು ಹಿಡಿದು ಬಂದ ವಕೀಲರಿಗೆ ಏಕೆ ಕೊಡಬೇಕು? ಇದನ್ನು ಸಣ್ಣತನವೆಂದು ನಾವು ಹೀಗಳೆಯಲಾಗದು. ಭೂಮಿ ಇಲ್ಲ, ಉದ್ಯೋಗದ ಭದ್ರತೆ ಇಲ್ಲ, ದೊರೆಯ ಮರ್ಜಿಯೊಂದೇ ಅನ್ನ. ಅಂಥವರಿಗೆ ಆ ನೂರಾರು ಚೀಜುಗಳೇ ಹೊಲ, ಅವೇ ಮನೆ. ಭಾತಖಂಡೆಯವರು ತಾಳ್ಮೆಯಿಂದ ಕೇಳಿದರು, ವಿನಯದಿಂದ ಬೇಡಿದರು, ಕೆಲವೆಡೆ ಶಿಷ್ಯರೇ ಆದರು. ರಾಂಪುರದ ನವಾಬ ಹಾಮಿದ್ ಅಲಿ ಖಾನರ ಶಿಷ್ಯತ್ವ ಸ್ವೀಕರಿಸಿ, ತಾನಸೇನರ ಪರಂಪರೆಯ ಹಾಡುಗಳಿಗೆ ಬಾಗಿಲು ತೆರೆಸಿಕೊಂಡರು. ಜಯಪುರದ ಮಹಮ್ಮದ್ ಅಲಿ ಖಾನರ ಮನೆಯಿಂದ ನೂರಾರು ಬಂದಿಶುಗಳು ದೊರೆತವು. ಫೋನೋಗ್ರಾಫ್ ಯಂತ್ರದ ಮುಂದೆ ಹಾಡಿಸಿ, ಮತ್ತೆ ಮತ್ತೆ ಕೇಳಿ, ಸ್ವರ ಗುರುತಿಸಿ ಬರೆದುಕೊಂಡರು.

ಬರೆಯುವುದಕ್ಕೂ ಒಂದು ಲಿಪಿ ಬೇಕಲ್ಲ? ಅವರು ಆರಿಸಿಕೊಂಡ ಲಿಪಿ ಶಾಲೆಯ ಹುಡುಗನಿಗೂ ಅರ್ಥವಾಗುವಂಥದು. ಕೋಮಲ ಸ್ವರಕ್ಕೆ ಅಕ್ಷರದ ಕೆಳಗೆ ಅಡ್ಡಗೆರೆ. ತೀವ್ರ ಮಧ್ಯಮಕ್ಕೆ ತಲೆಯ ಮೇಲೆ ನಿಲುಗೆರೆ. ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ. ತಾಳದ ಸಮಕ್ಕೆ ಗುಣಾಕಾರದ ಗುರುತು, ಖಾಲಿಗೆ ಸೊನ್ನೆ. ಇಷ್ಟೇ. ನನ್ನ ಮೊಮ್ಮಗಳು ಲೆಕ್ಕವೆಂದು ಭ್ರಮಿಸಿದ್ದು ಇದನ್ನೇ.

1910ರಿಂದ ಅವರ 'ಹಿಂದುಸ್ತಾನಿ ಸಂಗೀತ ಪದ್ಧತಿ' ಮರಾಠಿಯಲ್ಲಿ ಹೊರಬರತೊಡಗಿತು. ಗುರು ಶಿಷ್ಯರ ಸಂವಾದದ ರೂಪದಲ್ಲಿ ನಾಲ್ಕು ಸಂಪುಟ. ಸಂಸ್ಕೃತದಲ್ಲಿ 'ಶ್ರೀಮಲ್ಲಕ್ಷ್ಯಸಂಗೀತಂ' ಬರೆದರು. ಅದಕ್ಕೆ ತಮ್ಮ ಹೆಸರು ಹಾಕದೆ 'ಚತುರ ಪಂಡಿತ' ಎಂದು ಬರೆದುಕೊಂಡರು. ಬಳಿಕ 'ಕ್ರಮಿಕ ಪುಸ್ತಕ ಮಾಲಿಕೆ'ಯ ಆರು ಭಾಗಗಳು. ಅವುಗಳಲ್ಲಿ ಸುಮಾರು 1800 ಚೀಜುಗಳು. ಕ್ರಮೇಣ ವಕೀಲಿಯನ್ನೂ ಬಿಟ್ಟರು. ಹಳೆಯ ಗ್ರಂಥಗಳು ಅಚ್ಚಾಗುವುದಕ್ಕೂ ಅವರು ಶ್ರಮಿಸಿದರು. ಆ ಸಾಲಿನಲ್ಲಿ ಪುಂಡರೀಕ ವಿಠ್ಠಲನ ಗ್ರಂಥಗಳೂ ಇದ್ದವು. ಈ ಪುಂಡರೀಕ ವಿಠ್ಠಲ ನಮ್ಮ ಶಿವಗಂಗೆ ಬೆಟ್ಟದ ಸೀಮೆಯವನು. ಹದಿನಾರನೆಯ ಶತಮಾನದಲ್ಲಿ ಖಾನದೇಶಕ್ಕೂ ಅಲ್ಲಿಂದ ಉತ್ತರಕ್ಕೂ ಹೋಗಿ, ಅಕ್ಬರನ ಕಾಲದಲ್ಲಿ ಸಂಗೀತ ನೃತ್ಯಗಳ ಮೇಲೆ ಬರೆದವನು. ಹೀಗೆ ಮುಂಬಯಿಯ ಯಾತ್ರಿಕನೊಬ್ಬ, ಮುನ್ನೂರು ವರ್ಷಗಳ ಹಿಂದಿನ ಕನ್ನಡ ನಾಡಿನ ಯಾತ್ರಿಕನನ್ನು ಕತ್ತಲೆಯಿಂದ ಹೊರತೆಗೆಯಲು ನೆರವಾದ.

ಪುಸ್ತಕವಷ್ಟೇ ಸಾಲದೆಂದು ಅವರಿಗೆ ಗೊತ್ತಿತ್ತು. 1916ರಲ್ಲಿ ಬರೋಡೆಯ ಸಯಾಜಿರಾವ ಗಾಯಕವಾಡರ ಆಶ್ರಯದಲ್ಲಿ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತು ಸೇರಿಸಿದರು. 1918ರಲ್ಲಿ ಗ್ವಾಲಿಯರಿನಲ್ಲಿ ಮಾಧವ ಸಂಗೀತ ವಿದ್ಯಾಲಯ, 1926ರಲ್ಲಿ ಲಖನೌದಲ್ಲಿ ಮ್ಯಾರಿಸ್ ಕಾಲೇಜು ಆರಂಭವಾದವು. ಲಖನೌದ ಆ ಕಾಲೇಜು ಈಗ ಅವರದೇ ಹೆಸರಿನ ವಿಶ್ವವಿದ್ಯಾಲಯವಾಗಿದೆ. ಅವರ ಮುಖ್ಯ ಶಿಷ್ಯರು ಶ್ರೀಕೃಷ್ಣ ರತಂಜನಕರರು ಅಲ್ಲಿ ಬಹುಕಾಲ ಪ್ರಾಂಶುಪಾಲರಾಗಿದ್ದರು. ಕನ್ನಡ ನಾಡಿನ ಹುಡುಗರು ಅವರ ಬಳಿಗೆ ಹೋದರು. ಬೈಲಹೊಂಗಲದಲ್ಲಿ 1925ರಲ್ಲಿ ಹುಟ್ಟಿದ ಕೃಷ್ಣ ಗಿಂಡೆಯವರು ಹನ್ನೊಂದರ ಪ್ರಾಯದಲ್ಲೇ ಲಖನೌಗೆ ಹೋಗಿ ಗುರುಗಳ ಮನೆಯವರೇ ಆದರು. ಶಿರಾಲಿಯ ಎಸ್. ಸಿ. ಆರ್. ಭಟ್ಟರು, ಬೆಂಗಳೂರಿನಲ್ಲಿ ಹುಟ್ಟಿದ ಚಿದಾನಂದ ನಗರಕರರು, ಇವರೆಲ್ಲ ಅದೇ ಮನೆಯ ಮಕ್ಕಳು.

ಎಲ್ಲರೂ ಮೆಚ್ಚಿದರೆ? ಇಲ್ಲ. ರಾಗವೆಂದರೆ ಥಾಟಿನ ಪೆಟ್ಟಿಗೆಯಲ್ಲಿ ಅಡಗಿ ಕೂಡುವ ವಸ್ತುವಲ್ಲ ಎಂದು ಹಲವರು ಆಕ್ಷೇಪಿಸಿದರು. ಕೋಮಲ ರಿಷಭ ಎಂದು ಗೆರೆ ಎಳೆದುಬಿಟ್ಟರೆ ಆಯಿತೆ? ಭೈರವದಲ್ಲಿ ಆ ರಿಷಭ ತೂಗುವ ಬಗೆ ಬೇರೆ, ತೋಡಿಯಲ್ಲಿ ನಿಲ್ಲುವ ಬಗೆ ಬೇರೆ. ಅದನ್ನು ಯಾವ ಗೆರೆ ಹೇಳೀತು? ಇದು ನ್ಯಾಯವಾದ ಆಕ್ಷೇಪಣೆ. ಕುಂದಗೋಳದ ಸವಾಯಿ ಗಂಧರ್ವರ ಎದುರು ಕುಳಿತು ಕಲಿತ ಗಂಗೂಬಾಯಿ ಹಾನಗಲ್ಲರ ಷಡ್ಜದ ತೂಕವನ್ನು ಪುಸ್ತಕದಲ್ಲಿ ಅಚ್ಚು ಹಾಕಲಾಗದು. ಶಾಸ್ತ್ರದ ಪ್ರಶ್ನೆಗೆ ಉತ್ತರ ಕೊಡಲಾಗದ ಗಾಯಕರ ವಿಷಯದಲ್ಲಿ ಭಾತಖಂಡೆಯವರು ಕಟುವಾಗಿದ್ದುದೂ ನಿಜ. ಹಾಡಬಲ್ಲವನಿಗೆ ವಿವರಿಸಲು ಬಾರದಿದ್ದರೆ ಅದು ಅವನ ಅಜ್ಞಾನವೆನ್ನಲಾಗದು. ತಿಳಿವಳಿಕೆ ಅವನ ಕಂಠದಲ್ಲಿಯೇ ಇತ್ತು. ಈ ಜಗಳ ನಮ್ಮ ಆಕಾಶವಾಣಿಗೂ ಬಂದಿತ್ತು. 1950ರ ದಶಕದಲ್ಲಿ ಕಲಾವಿದರನ್ನು ಪರೀಕ್ಷಿಸಿ ದರ್ಜೆ ಕೊಡುವ ಏರ್ಪಾಡು ಬಂದಾಗ ರತಂಜನಕರರು ಅದರ ಮುಂದಾಳುಗಳಲ್ಲಿ ಒಬ್ಬರು. ಬಾಳೆಲ್ಲ ಹಾಡಿದವರಿಗೆ ಶಾಸ್ತ್ರದ ಪ್ರಶ್ನೆ ಕೇಳುವುದೆ ಎಂದು ಹಲವು ಗಾಯಕರು ಸಿಟ್ಟಾದರು.

1933ರಲ್ಲಿ ಭಾತಖಂಡೆಯವರಿಗೆ ಪಾರ್ಶ್ವವಾಯು ಬಡಿಯಿತು. ಊರೂರು ಅಲೆದ ಕಾಲು ಹಾಸಿಗೆ ಹಿಡಿಯಿತು. 1936ರ ಸೆಪ್ಟೆಂಬರ್ 19ರಂದು, ಗಣೇಶ ಚೌತಿಯ ದಿನ, ತೀರಿಕೊಂಡರು.

ಇನ್ನು ನಮ್ಮ ತಂದೆಯವರ ಪುಸ್ತಕದ ಮಾತು ಹೇಳಿ ಮುಗಿಸುತ್ತೇನೆ. ಅದರ ಅಂಚಿನಲ್ಲಿ ಸೀಸದಕಡ್ಡಿಯ ಸಣ್ಣ ಬರಹಗಳಿವೆ. 'ಇಲ್ಲಿ ಹೀಗಲ್ಲ. ಬುಧವಾರ ರಾತ್ರಿ ರೇಡಿಯೊದಲ್ಲಿ ಬೇರೆ ಕೇಳಿದೆ.' ಇನ್ನೊಂದು ಪುಟದಲ್ಲಿ, 'ಈ ಗಾಂಧಾರ ಬರೆಯಲು ಬರುವುದಿಲ್ಲ.' ಪುಸ್ತಕ ಅವರಿಗೆ ಹಾಡಿನ ಮನೆಯ ವಿಳಾಸ ಕೊಟ್ಟಿತ್ತು. ಒಳಗಿನ ಧ್ವನಿಯನ್ನು ರೇಡಿಯೊ ಕೇಳಿಸಿತು. ಎರಡಕ್ಕೂ ನಡುವೆ ಇದ್ದ ಅಂತರವನ್ನು ತಾವೇ ಗುರುತು ಹಾಕಿಕೊಂಡರು. ದೊಡ್ಡ ಗಾಯಕರಾಗಲಿಲ್ಲ. ಆದರೆ ಕೇಳಲು ಕಲಿತರು. ಮನೆಯ ಒಡವೆಯನ್ನು ಕೊಟ್ಟ ಆ ಉಸ್ತಾದರು, ಅದನ್ನು ಹೊತ್ತು ತಂದ ಆ ವಕೀಲರು, ಇಬ್ಬರ ಋಣವೂ ನಮ್ಮಂಥ ಕೇಳುಗರ ಮೇಲಿದೆ.

ಇವತ್ತು ರಾತ್ರಿ ಹಾಡು ಕೇಳಲು ಕುಳಿತಾಗ ಪಕ್ಕದಲ್ಲಿ ಒಂದು ಸೀಸದಕಡ್ಡಿ ಇಟ್ಟುಕೊಳ್ಳಿ. ಎಲ್ಲಿ ಬರೆಯಲು ಬಾರದೆ ಕೈ ನಿಲ್ಲುತ್ತದೋ, ಅಲ್ಲಿ ಕಿವಿಗೊಟ್ಟು ಕೇಳಿ.